ಯುಗಾದಿ ರಜೆಗೆ ಕಾಫಿ ಸೀಮೆಗೆ ಹೊರಟವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ನನ್ನ ನೆರೆಹೊರೆಯವರೇ, ಆಫೀಸಿನ ಗೆಳೆಯ ಗೆಳತಿಯರೇ, ರಜೆ ಬಂತೆಂದರೆ ನೆಲಮಂಗಲದ ಟೋಲ್‌ನಲ್ಲಿ ನನ್ನ ಹಿಂದೆ ನಿಂತು ಹಾರ್ನ್ ಹೊಡೆಯುವ ಅಪರಿಚಿತರೇ,

ಈ ಸಲ ಯುಗಾದಿ ಗುರುವಾರ ಬಂದಿದೆ. ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೇ ಮೂರು ಮನೆಯವರು ಚಿಕ್ಕಮಗಳೂರು ಅಂದರು. ಒಬ್ಬರು ಸಕಲೇಶಪುರ ಅಂದರು. ಇನ್ನೊಬ್ಬರಿಗೆ ಮಡಿಕೇರಿಯಲ್ಲಿ ರೂಮು ಸಿಗಲಿಲ್ಲ ಅಂತ ಬೇಜಾರು. ಯಾರನ್ನೂ ತಡೆಯೋಕೆ ನಾನು ಬಂದಿಲ್ಲ. ಜನವರಿಯಲ್ಲಿ ಗಣರಾಜ್ಯೋತ್ಸವ ಸೋಮವಾರ ಬಂದಿತ್ತಲ್ಲ, ಆ ಮೂರು ದಿನದ ರಜೆಗೆ ನಾವೂ ಹೋಗಿದ್ದೆವು. ಮಾಡಬಾರದ ಎರಡು ಕೆಲಸ ಮಾಡಿ ಬಂದೆವು. ನಿಮಗೆ ಹೇಳಿಬಿಟ್ಟರೆ ನೀವಾದರೂ ಮಾಡಲಿಕ್ಕಿಲ್ಲ ಅನ್ನುವ ಆಸೆಗೆ ಈ ಪತ್ರ.

ನಾವು ಐದು ಜನ. ನಾನು, ನಮ್ಮನೆಯವರು, ಒಂಬತ್ತನೇ ಕ್ಲಾಸಿನ ಮಗಳು, ಎಂಟು ವರ್ಷದ ಮಗ, ಮತ್ತೆ ಅತ್ತೆ. ಅತ್ತೆ ತಿಪಟೂರು ಕಡೆಯವರು. ಹೊರಡುವ ಮುಂಚೆಯೇ ಅವರದೊಂದು ತಕರಾರು. "ಕಾಫಿ ಗಿಡ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಲೋಟ ನೋಡಿದ್ರೆ ಸಾಲದಾ?"

ನಮ್ಮನೆಯವರ ಫೋನಿನಲ್ಲಿ ದೊಡ್ಡ ಪಟ್ಟಿ ಇತ್ತು. ಬೇಲೂರು, ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರೆ, ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ. ಇದೆಲ್ಲ ಎರಡೂವರೆ ದಿನಕ್ಕೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಬೇಲೂರಿನ ಗುಡಿಯನ್ನು ನಾವು 40 ನಿಮಿಷದಲ್ಲಿ ನೋಡಿ ಮುಗಿಸಿದೆವು. ಅದರಲ್ಲಿ ಹತ್ತು ನಿಮಿಷ ಅತ್ತೆಯ ಚಪ್ಪಲಿ ಹುಡುಕೋಕೆ ಹೋಯಿತು. ಮದನಿಕೆಯರನ್ನು ಕತ್ತೆತ್ತಿ ನೋಡುತ್ತಾ ನಿಂತಿದ್ದ ಅತ್ತೆಯನ್ನು "ಟೈಮ್ ಆಯ್ತಮ್ಮ" ಅಂತ ಕೈ ಹಿಡಿದು ಎಳೆದುಕೊಂಡು ಬಂದದ್ದು ನಾನೇ. ಈಗ ನೆನೆಸಿಕೊಂಡರೆ ನಾಚಿಕೆ.

ನಾವು ರೂಮು ಮಾಡಿದ್ದು ಆಲ್ದೂರಿನಿಂದ ಆಚೆ, ಒಂದು ತೋಟದ ಹೋಂಸ್ಟೇಯಲ್ಲಿ. ಟಾರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಮಣ್ಣಿನ ದಾರಿ. ಎರಡೂ ಕಡೆ ಸಿಲ್ವರ್ ಓಕ್ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಶನಿವಾರ ಸಂಜೆ ನಾಲ್ಕು ಗಂಟೆ ಇರಬೇಕು. ಓರೆ ಬಿಸಿಲು ಎಲೆಗಳ ಮೇಲೆ ಬಿದ್ದಿತ್ತು. ಮಗಳು "ಅಪ್ಪಾ, ನಿಲ್ಸಿ ನಿಲ್ಸಿ" ಅಂದಳು. ನಿಲ್ಲಿಸಿದೆವು. ಪಕ್ಕದ ದಿಬ್ಬ ಹತ್ತಿದೆವು. ಫೋಟೋ ತೆಗೆದೆವು. ಚೆನ್ನಾಗಿ ಬರಲಿಲ್ಲ ಅಂತ ಮತ್ತೆ ತೆಗೆದೆವು. ಇಳಿದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು.

ಕಾರಿನ ಹಿಂದೆ ಒಂದು ಪಿಕಪ್ ನಿಂತಿತ್ತು. ಅದರಲ್ಲಿ ಖಾಲಿ ಚೀಲ, ಒಂದು ತಕ್ಕಡಿ. ಡ್ರೈವರ್ ಕೆಳಗಿಳಿದು ಬಾನೆಟ್ಟಿಗೆ ಒರಗಿಕೊಂಡು ಬೀಡಿ ಸೇದುತ್ತಿದ್ದ. ಒಂದು ಸಲವೂ ಹಾರ್ನ್ ಹೊಡೆದಿರಲಿಲ್ಲ. "ಮುಗೀತಾ ಸಾರ್?" ಅಂತ ಮಾತ್ರ ಕೇಳಿದ. ನಮ್ಮನೆಯವರು ಸಾರಿ ಅಂದು ಕಾರು ತೆಗೆದರು. ಎಷ್ಟು ಒಳ್ಳೆ ಜನ, ಬೆಂಗಳೂರಾಗಿದ್ದರೆ ಬಯ್ದಿರೋರು ಅಂತ ನಾವು ಕಾರಿನೊಳಗೆ ಮಾತಾಡಿಕೊಂಡೆವು. ಅಲ್ಲಿಗೆ ಆ ವಿಷಯ ಮರೆತೂ ಹೋಯಿತು.

ಭಾನುವಾರ ಮುಳ್ಳಯ್ಯನಗಿರಿ. ಸುಮಾರು 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಅಲ್ಲಿಗೆ ಹೋಗೋಕೆ ಈಗ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿಕೊಳ್ಳಬೇಕು. ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಇದೆ. ನಮ್ಮನೆಯವರು ಮಗಳು ಮಾಡಿದ್ದಾಳೆ ಅಂದುಕೊಂಡಿದ್ದರು. ಮಗಳು ಅಪ್ಪ ಮಾಡಿದ್ದಾರೆ ಅಂದುಕೊಂಡಿದ್ದಳು. ಬೆಳಿಗ್ಗೆ ಏಳಕ್ಕೆ ಫೋನು ಬಿಚ್ಚಿ ನೋಡಿದರೆ ಎಲ್ಲ ಭರ್ತಿ. ಕೈಮರದ ಚೆಕ್‌ಪೋಸ್ಟಿನವರೆಗೆ ಹೋಗಿ ವಾಪಸ್ ಬರುವುದಕ್ಕಿಂತ ಇಲ್ಲೇ ಬಿದ್ದುಕೊಳ್ಳೋಣ ಅಂದರು ಅತ್ತೆ. ಮಗ ಮುಖ ಊದಿಸಿಕೊಂಡ. ನಿಜ ಹೇಳಬೇಕೆಂದರೆ ಆ ಪ್ರವಾಸದಲ್ಲಿ ನಮಗೆ ಆದ ಒಳ್ಳೆಯದು ಇದೊಂದೇ.

ಮನೆಯ ಹಿಂದೆ ಸಿಮೆಂಟಿನ ದೊಡ್ಡ ಅಂಗಳ. ಅದರ ತುಂಬ ಕಾಫಿ ಹರಡಿದ್ದರು. ಒಂದು ಪಕ್ಕ ತೆಳು ಹಳದಿ ಬಣ್ಣದ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ. ಇನ್ನೊಂದು ಪಕ್ಕ ಒಣಗಿ ಕಪ್ಪಾಗುತ್ತಿದ್ದ ಹಣ್ಣು. ಮಗನ ಕಣ್ಣಿಗೆ ಅದು ಸಮುದ್ರದ ದಂಡೆಯ ಮರಳಿನ ಹಾಗೆ ಕಂಡಿರಬೇಕು. ಶೂ ಸಮೇತ ಓಡಿದ. ಜಾರಿ ಬಿದ್ದ. ಎದ್ದು ಮತ್ತೆ ಓಡಿದ. ನಾವು ನಗುತ್ತಾ ವಿಡಿಯೋ ತೆಗೆಯುತ್ತಿದ್ದೆವು.

ಮರದ ಹಲಗೆಯಿಂದ ಕಾಫಿ ಎಳೆದು ತಿರುವುತ್ತಿದ್ದ ಒಬ್ಬ ಹೆಂಗಸು ನಿಂತರು. "ಮಗಾ, ಶೂ ಬಿಚ್ಚು. ಕಣ ಇದು" ಅಂದರು.

ಕಣ ಅನ್ನುವ ಆ ಒಂದು ಮಾತಿಗೆ ಅತ್ತೆ ಕುರ್ಚಿಯಿಂದ ಎದ್ದುಬಿಟ್ಟರು. ಮೊಮ್ಮಗನ ರಟ್ಟೆ ಹಿಡಿದು ಆಚೆ ಎಳೆದರು. ಆಮೇಲೆ ಬೈಗುಳ ಬಿದ್ದದ್ದು ಮಗನಿಗಲ್ಲ, ನನಗೆ. "ನಮ್ಮ ರಾಗಿ ಕಣಕ್ಕೆ ಯಾರಾದ್ರೂ ಚಪ್ಪಲಿ ಕಾಲಲ್ಲಿ ಬಂದಿದ್ರೆ ನಿಮ್ಮ ಮಾವ ಬಿಡ್ತಿದ್ರಾ? ಫೋಟೋ ತೆಗೀತಾ ನಿಂತಿದೀಯಲ್ಲ!" ಅವರ ಊರಲ್ಲಿ ರಾಗಿ ಅಳೆಯುವಾಗ ಮೊದಲನೇ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು. ಅದನ್ನು ಹೇಳಿ ಅತ್ತೆ ತೋಟದ ಯಜಮಾನರನ್ನು ಕೇಳಿದರು, ನೀವೂ ಹಾಗೇ ಎಣಿಸ್ತೀರಾ ಅಂತ. "ನಮ್ಮದು ಡಿಜಿಟಲ್ ತಕ್ಕಡಿ ಅಮ್ಮ. ಅದು ಲಾಭ ಅನ್ನಲ್ಲ" ಅಂದು ಅವರು ನಕ್ಕರು.

ಅಲ್ಲಿಂದ ಮಾತು ಶುರುವಾಯಿತು. ಮಧ್ಯಾಹ್ನದ ಕಡುಬು ಆರಿ ತಣ್ಣಗಾಗುವ ತನಕ ನಡೆಯಿತು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಾಫಿಯಲ್ಲಿ ಅರೇಬಿಕಾ ಜಾತಿಯ ಕುಯ್ಲು ನವೆಂಬರಿನಿಂದ ಜನವರಿಯವರೆಗೆ. ಇನ್ನೊಂದು ಜಾತಿ ರೊಬಸ್ಟಾ, ಅದರ ಹಿಂದೆಯೇ ಶುರುವಾಗಿ ಫೆಬ್ರವರಿ ದಾಟುತ್ತದೆ. ಅಂದರೆ ದೀಪಾವಳಿ ಮುಗಿದ ಮೇಲೆ ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ, ಗಣರಾಜ್ಯೋತ್ಸವ ಅಂತ ನಾವು ಯಾವ್ಯಾವ ರಜೆ ಹುಡುಕಿಕೊಂಡು ಹೋಗುತ್ತೇವೋ ಅವೆಲ್ಲ ಅವರಿಗೆ ಉಸಿರಾಡೋಕೂ ಪುರುಸೊತ್ತಿಲ್ಲದ ದಿನಗಳು. ಗಿಡದಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಕೆಂಪಾಗುವುದಿಲ್ಲ. ಆದ್ದರಿಂದ ಅರೇಬಿಕಾವನ್ನು ಎರಡು ಮೂರು ಸುತ್ತು ಕುಯ್ಯಬೇಕು. ಸಿಪ್ಪೆ ಸುಲಿಯುವ ಯಂತ್ರ ಪಲ್ಪರ್‌ಗೆ ಹಾಕುವ ಹಣ್ಣನ್ನು ಕುಯ್ದ ದಿನವೇ ಹಾಕಬೇಕು. ಚೀಲದಲ್ಲಿ ರಾತ್ರಿ ಕಳೆದರೆ ಬಿಸಿಯೇರಿ ಹುಳಿ ಬರುತ್ತದೆ. ಆಮೇಲೆ ತೊಳೆದು ಕಣದಲ್ಲಿ ಹರಡಿದರೆ ಪಾರ್ಚ್‌ಮೆಂಟ್ ಒಣಗೋಕೆ ಒಳ್ಳೆ ಬಿಸಿಲಿನಲ್ಲಿ ಒಂದು ವಾರದಿಂದ ಹತ್ತು ದಿನ. ಹಗಲೆಲ್ಲ ತಿರುವುತ್ತಿರಬೇಕು. ಸಂಜೆ ಗುಡ್ಡೆ ಮಾಡಿ ಇಬ್ಬನಿ ತಾಗದ ಹಾಗೆ ಮುಚ್ಚಬೇಕು. ಕಾಫಿ ಬೀಜಕ್ಕೆ ಇನ್ನೊಂದು ಕೆಟ್ಟ ಗುಣ, ಪಕ್ಕದಲ್ಲಿ ಯಾವ ವಾಸನೆ ಇದ್ದರೂ ಹೀರಿಕೊಳ್ಳುತ್ತದೆ. ಹೀಗೆಲ್ಲ ಜೋಪಾನ ಮಾಡಿದ್ದರ ಮೇಲೆ ನನ್ನ ಮಗ ಬೆಂಗಳೂರಿನ ಶೂ ಹಾಕಿಕೊಂಡು ಕುಣಿದಿದ್ದ.

ಇಷ್ಟು ಕಷ್ಟಪಟ್ಟರೂ ಐದಾರು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಬೀಜ ಬಂದರೆ ದೊಡ್ಡದು.

ಮಗಳಿಗೆ ಕುಯ್ಯುವ ಆಸೆ ಆಯಿತು. ಕಣದಲ್ಲಿದ್ದ ಆ ಅಕ್ಕನೇ ಕರೆದುಕೊಂಡು ಹೋದರು. ಸೊಂಟಕ್ಕೆ ಒಂದು ಚೀಲ ಕಟ್ಟಿದರು. ಹಸಿರು ಕಾಯಿ ಬಿಟ್ಟು ಕೆಂಪು ಹಣ್ಣು ಮಾತ್ರ, ರೆಂಬೆ ಮುರಿಯಬಾರದು, ಮುಂದಿನ ಬೆಳೆಯ ಹೂವು ಅಲ್ಲೇ ಬರಬೇಕು ಅಂದರು. ಒಂದು ಗಂಟೆ ಕುಯ್ದ ಮಗಳ ಚೀಲದ ತಳ ಮಾತ್ರ ಮುಚ್ಚಿತ್ತು. ಕೈ ತುಂಬ ಕೆಂಜಿಗ ಕಚ್ಚಿದ ಗುರುತು. ಅಷ್ಟರಲ್ಲಿ ಆ ಅಕ್ಕನ ಚೀಲ ಮೂರು ಸಲ ತುಂಬಿ ಖಾಲಿಯಾಗಿತ್ತು. ವಾಪಸ್ ಬರುವಾಗ ಅವರು ಮಗಳನ್ನು ಸುಮ್ನೆ ಮಾತಿಗೆ ಕೇಳಿದರಂತೆ.

"ನಿನ್ನೆ ದಾರೀಲಿ ನಿಲ್ಸಿದ್ದ ಬಿಳಿ ಕಾರು ನಿಮ್ದೇನಾ?"

ಮಗಳು ಹೌದು ಅಂದಳು. ಅವರು ಮುಂದೆ ಏನೂ ಹೇಳಲಿಲ್ಲ. ಹೇಳಿದ್ದು ಯಜಮಾನರು, ಅದೂ ನಾನು ಕೆದಕಿ ಕೇಳಿದ ಮೇಲೆ.

ಕುಯ್ಲಿನ ಕೂಲಿ ಕೆ.ಜಿ. ಲೆಕ್ಕ. ಸಂಜೆ ಪ್ರತಿಯೊಬ್ಬರ ಚೀಲವನ್ನೂ ತೂಗಿ ಬರೆದುಕೊಳ್ಳಬೇಕು. ಆ ತಕ್ಕಡಿ ಇದ್ದದ್ದು ನಮ್ಮ ಕಾರಿನ ಹಿಂದೆ ನಿಂತಿದ್ದ ಪಿಕಪ್‌ನಲ್ಲಿ. ಆ ಕಡೆ ತೋಟದೊಳಗೆ ಹತ್ತಿಪ್ಪತ್ತು ಜನ ಚೀಲ ಪಕ್ಕದಲ್ಲಿಟ್ಟುಕೊಂಡು ದಾರಿ ನೋಡುತ್ತಾ ಕೂತಿದ್ದರು. ತೂಕ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಆ ವಾರ ಅಕ್ಕಪಕ್ಕದ ತೋಟದಲ್ಲಿ ಆನೆ ಓಡಾಡುತ್ತಿತ್ತು. ಚಿಕ್ಕಮಗಳೂರು, ಹಾಸನ, ಕೊಡಗಿನ ತೋಟಗಳಲ್ಲಿ ಆನೆಗೆ ಸಿಕ್ಕಿ ಸತ್ತವರಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದವರು ಎಷ್ಟೋ ಜನ. ಪೇಪರಿನಲ್ಲಿ ನಾವು ಓದಿ ಪುಟ ತಿರುವುತ್ತೇವೆ, ಅಲ್ವಾ? ಬೆಳಕಿರುವಾಗಲೇ ಗುಂಪಾಗಿ ಹೊರಟು ಮನೆ ಸೇರುವುದು ಅವರ ರೂಢಿ. ಅವತ್ತು ಮೇಸ್ತ್ರಿ ಟಾರ್ಚ್ ಹಿಡಿದು ಎಲ್ಲರನ್ನೂ ಬಿಟ್ಟು ಬಂದರಂತೆ. ಪಲ್ಪರ್ ನಿಂತಾಗ ರಾತ್ರಿ ಹನ್ನೊಂದು. ಆ ಸದ್ದಿಗೆ ನಿದ್ದೆ ಬರುತ್ತಿಲ್ಲ ಅಂತ ನಾನು ಯಜಮಾನರಿಗೆ ಮೆಸೇಜು ಹಾಕಿದ್ದೆ. ಇದನ್ನೂ ಹೇಳಿಬಿಡುತ್ತೇನೆ.

ಏನೂ ಅನಾಹುತ ಆಗಲಿಲ್ಲ. ಹಾಗಾಗಿಯೇ ಇಷ್ಟು ಹಗುರವಾಗಿ ಬರೆಯಲು ಆಗುತ್ತಿದೆ.

ಹಾಗಾದರೆ ನಾವು ಬರಲೇಬಾರದಾ ಅಂತ ಯಜಮಾನರನ್ನು ಕೇಳಿದೆ. "ಬನ್ನಿ, ಬೇಡ ಅನ್ನಲ್ಲ" ಅಂದರು. ಇದು ಬಾಯಿಮಾತಲ್ಲ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ಜಗತ್ತಿನಲ್ಲೆಲ್ಲ ನೆಲ ಕಚ್ಚಿತ್ತು. ಕೂಲಿ ಕೊಡೋಕೂ ಕೈಯಲ್ಲಿ ದುಡ್ಡಿಲ್ಲದ ಆ ದಿನಗಳಲ್ಲಿ ಎಷ್ಟೋ ತೋಟದವರ ಕೈ ಹಿಡಿದದ್ದು ಮನೆಯ ಎರಡು ಖಾಲಿ ರೂಮು. ಈಗ ಕಾಫಿಗೆ ಬೆಲೆ ಬಂದಿದೆ. ಆದರೆ ಬೆಲೆ ಇಳಿಯುವುದನ್ನೂ ಕಂಡವರು ರೂಮು ಮುಚ್ಚುವುದಿಲ್ಲ. ಅವರ ಬೇಡಿಕೆ ಚಿಕ್ಕದು. ತೋಟದ ದಾರಿಯಲ್ಲಿ ಗಾಡಿ ನಿಲ್ಲಿಸಬೇಡಿ, ಅಂಗಳದವರೆಗೂ ತನ್ನಿ, ಅಲ್ಲಿಂದ ಎಷ್ಟು ಬೇಕಾದರೂ ನಡೆದು ಸುತ್ತಿ. ಹೊರಡುವ ಮುಂಚೆ ಯಾವ ಕಡೆ ಹೋಗಬಹುದು ಅಂತ ಒಂದು ಮಾತು ಕೇಳಿ. ಇದಕ್ಕೆ ಬೋರ್ಡು ಹಾಕಿದ್ದೂ ಉಂಟಂತೆ. ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರಂತೆ.

ನಾನು ಸೇರಿಸುವುದು ಒಂದೆರಡು ಮಾತು. ಬಾಟಲಿ ಎಸೆಯಬೇಡಿ. ರಸ್ತೆಯಿಂದ ತೋಟಕ್ಕೆ ಬಿದ್ದ ಗಾಜು ಕಳೆಯೊಳಗೆ ಕಾಣುವುದಿಲ್ಲ. ಅದು ಸಿಗುವುದು ಕಳೆ ಕೀಳುವವರ ಕೈಗೆ, ಕಾಲಿಗೆ. ಆ ಅಕ್ಕನ ಅಂಗೈಯಲ್ಲಿ ಅಂಥ ಒಂದು ಗಾಯದ ಗೆರೆ ಇತ್ತು. ಇನ್ನು ಯುಗಾದಿ ಹೊತ್ತಿನಲ್ಲಿ ಗುಡ್ಡದ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಕ್ಯಾಂಪ್‌ಫೈರ್ ಇಲ್ಲದಿದ್ದರೆ ದುಡ್ಡು ವಾಪಸ್ ಕೊಡಿ ಅಂತ ಜಗಳ ಮಾಡುವವರು ಇದ್ದಾರಂತೆ. ಅವರಿಗೆ ಯಾರು ಬುದ್ಧಿ ಹೇಳಬೇಕು? ಬೆಟ್ಟದ ಕಣಿವೆಯ ಶೋಲಾ ಕಾಡಿನ ಅಂಚಿನ ಹುಲ್ಲಿಗೆ ಒಂದು ಕಿಡಿ ಸಾಕು. ನೀರಿನದೂ ಅಷ್ಟೇ. ಮಾರ್ಚ್‌ನಲ್ಲಿ ಮಳೆ ಬಾರದಿದ್ದರೆ ರೊಬಸ್ಟಾ ತೋಟಕ್ಕೆ ಹೂವಿಗಾಗಿ ಕೆರೆಯ ನೀರು ಎತ್ತಿ ಸ್ಪ್ರಿಂಕ್ಲರ್ ಹೊಡೆಯುತ್ತಾರೆ. ಕೆರೆಯಲ್ಲಿ ಉಳಿಯುವುದೇ ಅಷ್ಟಿಷ್ಟು. ನಿಮ್ಮ ಮಕ್ಕಳೂ ನನ್ನ ಮಗಳ ಹಾಗೆ ಶವರ್ ಕೆಳಗೆ ಅರ್ಧ ಗಂಟೆ ಹಾಡು ಹೇಳುವವರಾಗಿದ್ದರೆ ಬಾಗಿಲು ಬಡಿಯಿರಿ.

ಪ್ರವಾಸೋದ್ಯಮದ ಹೊಣೆ ಹೊತ್ತವರು ಈ ಪತ್ರ ಓದಿದರೆ ಅವರಲ್ಲೂ ಒಂದು ಕೋರಿಕೆ. ಬೆಟ್ಟಕ್ಕೆ ಗಾಡಿಗಳ ಮಿತಿ ಇಟ್ಟದ್ದು ಒಳ್ಳೆಯದೇ ಆಯಿತು. ಬುಕಿಂಗ್ ಸಿಗದೆ ಹಿಂದೆ ತಿರುಗಿದವಳೇ ಇದನ್ನು ಹೇಳುತ್ತಿದ್ದೇನೆ. ಆದರೆ ಬೆಟ್ಟ ತಪ್ಪಿದವರು ಊರಿಗೆ ವಾಪಸ್ ಹೋಗುವುದಿಲ್ಲ, ತೋಟದ ದಾರಿಗಳಿಗೆ ನುಗ್ಗುತ್ತಾರೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲೇ ರೈಲು ಬಂದಿದೆ. ಅದಕ್ಕೆ ಹೊಂದಿಕೊಳ್ಳುವ ಹಾಗೆ ವಾರಾಂತ್ಯಕ್ಕೆ ಸಣ್ಣ ಬಸ್ಸುಗಳು ಜಾಸ್ತಿ ಇದ್ದರೆ ನಮ್ಮಂಥವರು ಕಾರು ಮನೆಯಲ್ಲೇ ಬಿಟ್ಟು ಬಂದೇವು. ಕುಯ್ಲಿನ ತಿಂಗಳುಗಳಲ್ಲಿ ಸಂಜೆ ತೂಕದ ಹೊತ್ತಿಗೆ ತೋಟದ ದಾರಿ ತೆರವಾಗಿರಲಿ ಅಂತ ಬುಕಿಂಗ್ ಮಾಡುವಾಗಲೇ ಫೋನಿಗೆ ಒಂದು ಸಾಲು ಬಂದರೆ ಸಾಕು. ನಮ್ಮಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಗೊತ್ತಿರುವುದಿಲ್ಲ, ಅಷ್ಟೇ. ನನಗೆ ಗೊತ್ತಿರಲಿಲ್ಲ.

ಸೋಮವಾರ ಹೊರಡುವಾಗ ಯಜಮಾನರ ಹತ್ತಿರವೇ ಎರಡು ಕೆ.ಜಿ. ಪುಡಿ ತೆಗೆದುಕೊಂಡೆವು. ಅವರ ತಂದೆಯ ಕಾಲದಲ್ಲಿ ಹೀಗೆ ಮಾರುವ ಹಾಗೇ ಇರಲಿಲ್ಲವಂತೆ. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆಗಾರರು ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರದನ್ನೂ ಒಟ್ಟು ಮಾಡಿ ಮಂಡಳಿಯೇ ಮಾರುವ ದಾಸ್ತಾನಿಗೆ ಕೊಡಬೇಕಿತ್ತು. ತೊಂಬತ್ತರ ದಶಕದಲ್ಲಿ ಅದು ಸಡಿಲವಾಗುತ್ತಾ ಬಂದು 1996ಕ್ಕೆ ಪೂರ್ತಿ ಬಿಡುಗಡೆ ಆಯಿತು. ಈಗಲೂ ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಇಟಲಿ, ಜರ್ಮನಿಯಂಥ ಹೊರದೇಶಗಳಿಗೆ ಹಡಗು ಹತ್ತುತ್ತದೆ. ಅದು ಬೆಳೆದ ಅಂಗಳದಲ್ಲೇ ನಿಂತು ಕೊಳ್ಳುವ ಭಾಗ್ಯ ನಮಗಿದೆ. ಕೊಂಡುಕೊಳ್ಳಿ. ಚಿಕೋರಿ ಬೇಡವಾದರೆ ಮೊದಲೇ ಹೇಳಿ.

ಕಾರು ಹತ್ತುವಾಗ ಮಗನ ಜೇಬು ಉಬ್ಬಿದ್ದು ಅತ್ತೆಯ ಕಣ್ಣಿಗೆ ಬಿತ್ತು. ಕಣದಿಂದ ಎತ್ತಿಕೊಂಡ ಒಂದು ಹಿಡಿ ಕಾಫಿ. ಇಳಿಸಿ, ಕೈ ಹಿಡಿದು, ಬರಿಗಾಲಲ್ಲಿ ನಡೆಸಿಕೊಂಡು ಹೋಗಿ ವಾಪಸ್ ಹಾಕಿಸಿದರು. ಯಜಮಾನರು ನಕ್ಕು, ಸಸಿ ಮಡಿಗೆ ಅಂತ ಎತ್ತಿಟ್ಟಿದ್ದ ಬೀಜದಲ್ಲಿ ಏಳು ಎಣಿಸಿ ಅವನ ಕೈಗೆ ಹಾಕಿದರು. ಬಾಬಾಬುಡನ್ ಯೆಮೆನ್‌ನ ಮೋಕಾದಿಂದ ತಂದ ಅಂತ ಹೇಳುವುದೂ ಏಳೇ ಬೀಜ. ಸುಮಾರು 350 ವರ್ಷದ ಹಿಂದಿನ ಮಾತು. ಮಗನಿಗೆ ಅದರಲ್ಲಿ ತುಂಬ ಇಷ್ಟವಾದದ್ದು ಬಾಬಾಬುಡನ್ ಬೀಜ ಬಚ್ಚಿಟ್ಟುಕೊಂಡು ತಂದರು ಅನ್ನುವ ಭಾಗ. ಹಾಗಾದ್ರೆ ನಾನು ಮಾಡಿದ್ದು ತಪ್ಪೇನು ಅಂತ ಹಾಸನ ದಾಟುವ ತನಕ ವಾದ ಮಾಡಿದ. ಅತ್ತೆಯ ಹತ್ತಿರವೂ ಅದಕ್ಕೆ ಉತ್ತರ ಇರಲಿಲ್ಲ.

ಬಾಲ್ಕನಿಯ ಕುಂಡದಲ್ಲಿ ಏಳರಲ್ಲಿ ಮೂರು ಮೊಳೆತಿವೆ. ತಲೆಯ ಮೇಲೆ ಇನ್ನೂ ಬೀಜದ ಟೋಪಿ ಹಾಗೇ ಇದೆ.

ಈ ಯುಗಾದಿಗೆ ನಾವು ಎಲ್ಲಿಗೂ ಹೋಗುತ್ತಿಲ್ಲ. ಒಳ್ಳೆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಇಡೀ ತೋಟ ಒಂದೇ ಸಲ ಬೆಳ್ಳಗಾಗಿ ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದಂತೆ. ಮೂರು ನಾಲ್ಕು ದಿನದಲ್ಲಿ ಮುಗಿದೂ ಹೋಗುತ್ತದೆ. ಮಳೆ ಬಿದ್ದ ದಿನ ಫೋನ್ ಮಾಡುತ್ತೇನೆ ಅಂದಿದ್ದಾರೆ ಯಜಮಾನರು. ಅದು ಮಂಗಳವಾರ ಬೀಳಬಹುದು, ಮಗಳ ಪರೀಕ್ಷೆಯ ದಿನ ಬೀಳಬಹುದು, ನಮ್ಮನೆಯವರಿಗೆ ರಜೆ ಸಿಗದೆ ಇರಬಹುದು. ಅತ್ತೆ ಮಾತ್ರ ತಮ್ಮ ಬ್ಯಾಗು ಬಾಗಿಲ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಯಾರೂ ಬರದಿದ್ದರೆ ಕಡೂರು ರೈಲು ಹತ್ತಿ ಒಬ್ಬರೇ ಹೋಗುತ್ತಾರಂತೆ. ದಾರಿಯಲ್ಲಿ ಬೇಲೂರಿಗೂ ಒಂದು ಬಸ್ಸು ಹಿಡಿದು, ಯಾರೂ ಕೈ ಹಿಡಿದು ಎಳೆಯದ ಹಾಗೆ, ಆ ಗೊಂಬೆಗಳನ್ನು ನೋಡಬೇಕಂತೆ.

ಇಂತಿ,
ಆ ಬಿಳಿ ಕಾರಿನವಳು